ಕುಣಿಗೆ ಬಂದ ನೀರು

ನಾನು ಒಂದು ಕುಣಿಮಗ್ಗ. ಜಾಲಿ ಕಟ್ಟಿಗೆಯಿಂದ ನನ್ನನ್ನು ಮಾಡಿದವನು ತೋಪಗೇರಿಯ ಬಡಿಗ ಮೋನಪ್ಪ. ನೇಕಾರ ರಾಚಪ್ಪ ತನ್ನ ಪಡಸಾಲೆಯಲ್ಲಿ ಕುಣಿ ತೋಡಿ, ಅದರ ದಂಡೆಗೆ ನನ್ನನ್ನು ಹೂಡಿದ. ಅವನು ನೆಲದ ಮೇಲೆ ಕುಳಿತು, ಕಾಲುಗಳನ್ನು ಕುಣಿಗೆ ಇಳಿಬಿಟ್ಟು ತುಳಿಯುತ್ತಿದ್ದ. ಮಣ್ಣಿನ ತಂಪು ಕೆಳಗಿನಿಂದ ಏರಿ ಎಳೆ ಕಡಿಯದಂತೆ ಕಾಯುತ್ತಿತ್ತು. ನನಗೆ ಮುಖಗಳಿಗಿಂತ ಪಾದಗಳೇ ಹೆಚ್ಚು ಪರಿಚಯ.

ರಾಚಪ್ಪನ ನಂತರ ಅವನ ಮಗ ಈಶ್ವರಪ್ಪ ಕುಣಿಗೆ ಕಾಲಿಳಿಸಿದ. ಸೀರೆಯ ಮೈಯ ಹತ್ತಿಯ ಎಳೆಗೂ ಸೆರಗಿನ ರೇಷ್ಮೆಯ ಎಳೆಗೂ ಒಂದೊಂದಾಗಿ ಕೊಂಡಿ ಹಾಕುವ ಕೆಲಸ ಅವನ ಹೆಂಡತಿ ಬನವ್ವನದು. ಪ್ರತಿ ಸೀರೆಗೂ ಹೊಸದಾಗಿ ಹಾಕಬೇಕು. ಬೇಸರವಾದಾಗ ಆಕೆ ಎಳೆಗಳನ್ನೇ ಬೈಯುತ್ತಿದ್ದಳು, ಗಂಡನಿಗೆ ಕೇಳಿಸುವಷ್ಟು ಜೋರಾಗಿ.

ಆಮೇಲೆ ಅಣೆಕಟ್ಟಿನ ಹಿನ್ನೀರು ತೋಪಗೇರಿಯನ್ನು ನುಂಗಿತು. ಊರಿಗೆ ಊರೇ ಹೊಸ ಜಾಗಕ್ಕೆ ಬಂತು. ಅದೂ ನೀರಿನ ಹತ್ತಿರವೇ. ಅಲ್ಲಿ ತೋಡಿದ ಕುಣಿಗಳಲ್ಲಿ ಮಳೆಗಾಲ ಬಂದೊಡನೆ ನೀರು ಜಿನುಗಿತು. ಎಲ್ಲರಂತೆ ಈಶ್ವರಪ್ಪನೂ ಕುಣಿ ಮುಚ್ಚಿ, ಕಲ್ಲುಕಂಬಗಳ ಮೇಲೆ ನನ್ನನ್ನು ಎತ್ತರಿಸಿ, ಹಲಗೆಯ ಮೇಲೆ ಕುಳಿತು ನೇಯತೊಡಗಿದ. ನನಗೆ ನಾಚಿಕೆಯಾಯಿತು. ಸೀರೆ ಮಾತ್ರ ಹಳೆಯ ಸೀರೆಯಂತೆಯೇ ಬಂತು.

ಅಷ್ಟರಲ್ಲಿ ಪವರ್‌ಲೂಮಿನ ಸೀರೆಗಳು ನಮ್ಮ ಊರಿನ ಹೆಸರು ಹೊತ್ತು ಪೇಟೆಗೆ ಬಂದಿದ್ದವು. ನೇಕಾರರ ಸಂಘದವರು ಓಡಾಡಿ, ಊರಿನ ಹೆಸರನ್ನು ಬೇರೆಯವರು ಬಳಸದಂತೆ ಕಾಯುವ ಸರಕಾರದ ಜಿಐ ಮುದ್ರೆ ತಂದರು. ತೋಪಗೇರಿಯ ನೇಕಾರರು ಕುಣಿಮಗ್ಗದಲ್ಲಿ ನೇಯ್ದ ಸೀರೆಗೆ ಮಾತ್ರ ಆ ಮುದ್ರೆಯ ಚೀಟಿ. ಅದಿಲ್ಲದ ಸೀರೆಯನ್ನು ವ್ಯಾಪಾರಿಗಳು ಪವರ್‌ಲೂಮಿನ ದರಕ್ಕೇ ಕೇಳುತ್ತಿದ್ದರು. ಚೀಟಿ ಸಿಗದಿದ್ದರೆ ತಾನೂ ಪವರ್‌ಲೂಮ್ ಶೆಡ್ಡಿಗೆ ಕೂಲಿಗೆ ಹೋಗಬೇಕಾದೀತು ಎಂದು ಈಶ್ವರಪ್ಪ ಹೆಂಡತಿಗೆ ಹೇಳಿದ್ದ. ಬೇಸಿಗೆಯಲ್ಲಿ ಹಿನ್ನೀರು ದೂರ ಸರಿದಾಗ ಎಲ್ಲರಂತೆ ಅವನೂ ಮತ್ತೆ ಕುಣಿ ತೋಡಿ ನನ್ನನ್ನು ಇಳಿಸಿದ. ಅಧಿಕಾರಿಗಳು ಬಂದದ್ದೂ ಬೇಸಿಗೆಯಲ್ಲೇ. ಒಣಗಿದ ಕುಣಿಗೆ ಇಣುಕಿ, ಫೋಟೊ ತೆಗೆದು, ಒಪ್ಪಿಗೆ ಕೊಟ್ಟರು.

ಮಳೆಗಾಲಕ್ಕೆ ನೀರು ಬಂತು. ಉಳಿದವರು ಸದ್ದಿಲ್ಲದೆ ಮಗ್ಗ ಎತ್ತರಿಸಿ, ಚೀಟಿ ಅಂಟಿಸುತ್ತಲೇ ಹೋದರು. ಈಶ್ವರಪ್ಪ ಎತ್ತರಿಸಲಿಲ್ಲ. ಸಂಘದ ಕಾರ್ಯದರ್ಶಿ ಗುರುಪಾದಪ್ಪ ಮನೆಗೇ ಬಂದ.

"ಮ್ಯಾಲೆ ಕುಂತು ನೇಯೋ ಈಶ್ವರಪ್ಪ. ಸೀರಿ ಉಟ್ಟಾಕಿ ನಿನ್ನ ಕಾಲು ನೋಡಾಕ ಬರ್ತಾಳೇನು?"

"ಕುಣ್ಯಾಗ ನೇಯ್ದದ್ದು ಅಂತ ಚೀಟ್ಯಾಗ ಬರದೈತಲ್ರಿ."

"ಹಂಗಾದ್ರ ಕಪ್ಪಿ ಹಿಡಕೋತ ನೇಯಿ."

ಈಶ್ವರಪ್ಪ ನಗಲಿಲ್ಲ. ಮೊಣಕಾಲುದ್ದ ನೀರಿನಲ್ಲಿ ಕಾಲಿಟ್ಟು ಒಂದು ಸೀರೆ ನೇಯಲು ಹಿಡಿದ. ಬೆಳಿಗ್ಗೆ ತಂಬಿಗೆಯಿಂದ ನೀರು ತೋಡಿ ಹಾಕುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಅದು ಮತ್ತೆ ಅಷ್ಟೇ ಆಗಿರುತ್ತಿತ್ತು. ಅವನ ಬೆರಳ ಸಂದಿಗಳು ಬಿಳಿಚಿ ಬಿರಿದದ್ದನ್ನು ಎಲ್ಲರಿಗಿಂತ ಮೊದಲು ನೋಡಿದವನು ನಾನು. ಆಗ ನಾನು ಮುರಿದುಬಿದ್ದಿದ್ದರೆ ಅವನಿಗೆ ಒಳ್ಳೆಯದಾಗುತ್ತಿತ್ತೇ? ಎಷ್ಟೋ ಸಲ ಯೋಚಿಸಿದ್ದೇನೆ.

"ಸೀರಿ ಖರೇ ಆಗ್ಲಿ ಅಂತ ಕಾಲು ಕೊಳಸ್ಕೋತೀರೇನು? ಇದನ್ನ ನೋಡಿ ಯಾವ ದೇವ್ರು ಮೆಚ್ತಾನ್ರಿ?" ಎಂದಳು ಬನವ್ವ. ಹಾಗೆ ಅನ್ನುತ್ತಲೇ ಹರಳೆಣ್ಣೆ ಬಿಸಿ ಮಾಡಿ ತಂದು ಅವನ ಕಾಲಿಗೆ ಹಚ್ಚಿದಳು.

ಸೀರೆ ಮುಗಿಯಿತು. ಆದರೆ ಕುಣಿಯ ತೇವಕ್ಕೆ ಸೆರಗಿನ ಕೆಂಪು ಬಣ್ಣ ಕೊಂಡಿಗಳಿಂದಾಚೆ ಸೀರೆಯ ಮೈಗೆ ಇಳಿದಿತ್ತು. ವ್ಯಾಪಾರಿ ಮಡಿಕೆ ಬಿಚ್ಚಿ ನೋಡಿ, ಇದಕ್ಕೆ ಕಲೆ ಬಿದ್ದಿದೆ ಎಂದು ಹಿಂದಿರುಗಿಸಿದ. ನಿಯಮಕ್ಕೆ ತಪ್ಪದೆ ನೇಯ್ದದ್ದು ಅದೊಂದೇ. ಆ ಮಳೆಗಾಲದಲ್ಲಿ ಮಾರಾಟವಾಗದೆ ಉಳಿದದ್ದೂ ಅದೊಂದೇ.

ಈಶ್ವರಪ್ಪ ಮಿಕ್ಕ ಚೀಟಿಗಳನ್ನು ಸಂಘಕ್ಕೆ ಒಪ್ಪಿಸಿ ಬಂದ. ನನ್ನನ್ನು ಬಿಚ್ಚಿ ಗೋಡೆಗೆ ಒರಗಿಸಿ, ಕುಣಿಗೆ ಗರಸು ಮಣ್ಣು ಸುರಿದು ಮುಚ್ಚಿದ. ಮರುದಿನ ಬುತ್ತಿ ಕಟ್ಟಿಕೊಂಡು ಶೆಡ್ಡಿನ ಕೆಲಸಕ್ಕೆ ಹೊರಟ. ಅಂದು ಬನವ್ವ ಯಾರನ್ನೂ ಬೈಯಲಿಲ್ಲ.

ಆ ಮುದ್ರೆ ಕೆಟ್ಟದ್ದೆಂದು ನಾನು ಹೇಳಲಾರೆ. ಹೆಸರು ಕದಿಯುವ ಕಳ್ಳರಿಂದ ನಮ್ಮನ್ನು ಕಾಯಲೆಂದೇ ಅದನ್ನು ತಂದದ್ದು. ನಿಯಮ ಬರೆದವರು ಹಳೆಯ ತೋಪಗೇರಿಯನ್ನು ಮನಸ್ಸಿನಲ್ಲಿಟ್ಟು ಬರೆದಿರಬೇಕು. ಆ ತೋಪಗೇರಿ ನೀರಿನಡಿಯಲ್ಲಿದೆ.

ಕಳೆದ ವಾರ ಹುಬ್ಬಳ್ಳಿಯಿಂದ ಒಬ್ಬಾಕೆ ಮನೆ ಹುಡುಕಿಕೊಂಡು ಬಂದಳು. ಕುಣಿಮಗ್ಗದ ನೇಕಾರರೆಂದು ಈಶ್ವರಪ್ಪನ ಹೆಸರು ಸಂಘದ ಪಟ್ಟಿಯಲ್ಲಿ ಇನ್ನೂ ಉಳಿದಿದೆಯಂತೆ. ಮಗಳ ಮದುವೆಗೆ ಖರೇ ಸೀರೆಯೇ ಬೇಕೆಂದಳು.

ಅವರು ಶೆಡ್ಡಿಗೆ ಹೋಗಿದ್ದಾರೆ, ಈಗ ನೇಯುವುದಿಲ್ಲ ಎಂದಳು ಬನವ್ವ. ಹೋಗಲಿ, ಮಗ್ಗವನ್ನಾದರೂ ತೋರಿಸುತ್ತೀರಾ ಎಂದು ಆಕೆ ಕೇಳಿದಳು. ಬನವ್ವ ನನ್ನತ್ತ ಹೊರಳಿದಳು. ನನ್ನ ಮೇಲೆ ಗಂಡನ ಎರಡು ಅಂಗಿ ಒಣಗುತ್ತಿದ್ದವು.

"ಕುಣಿ ಮುಚ್ಚೈತ್ರಿ. ಮಗ್ಗಾನೂ ಇಲ್ರಿ," ಎಂದಳು.

ಬಂದಾಕೆ ಅಂಗಿಗಳ ಕೆಳಗಿದ್ದ ನನ್ನನ್ನು ನೋಡಿಯೂ, ಕಾಣಲಿಲ್ಲವೆಂಬಂತೆ ಮೆಟ್ಟಿಲಿಳಿದು ಹೋದಳು.