ಚಿಮಣಿಗೊಂದು ಮಂತ್ರ

"ಏಯ್! ಆ ಮಸಿ ಬೂಟು ಹಾಕ್ಕೊಂಡು ಪೆಂಡಾಲೊಳಗೆ ನುಗ್ಗಬೇಡ್ರೋ. ನಿಮ್ ಜಾಗ ಬೇಲಿ ಹತ್ರ!" ಮ್ಯಾನೇಜರ್ ಪ್ರಿಚರ್ಡ್ ಗದರಿದ.

"ಮಸಿ ನಿಮ್ದೇ ಸಾಹೇಬ್ರೇ. ನಾವು ಬರೀ ಹೊತ್ತಿದ್ದು," ಎಂದ ಕೂಲಿಯಾಳು ತಮಾಟಿ. ಅವನ ಕುಲದವರೇ ಆದ ಉಳಿದ ಕೂಲಿಗಳು ಕಿಸಕ್ಕೆಂದರು.

ಅವನ ತಾಯಿ ಮೆರೆಯಾನಾ ನಗಲಿಲ್ಲ. ಬಾಯ್ಲರಿನ ಹೊಟ್ಟೆಯೊಳಗೆ ತೂರಿ ಎಣ್ಣೆಮಸಿ ಕೆರೆಯುತ್ತಿದ್ದ ಅವಳ ಗಂಡ ಕರಿಕಫ ಕಾರಿ ಸತ್ತಿದ್ದ.

ತೌಪಾರಿ ಕೊಲ್ಲಿಯ ಆ ದಂಡೆ ಅವಳ ಮಾವೋರಿ ಮೂಲನಿವಾಸಿ ಕುಲದ್ದು. ವಿದ್ಯುತ್ ಸ್ಥಾವರಕ್ಕೆಂದು ಸರಕಾರ ಕಿತ್ತುಕೊಂಡಾಗ, ಕೆಲಸ ಮುಗಿದರೆ ಮರಳಿಸುತ್ತೇವೆ ಎಂದಿತ್ತು. ಹಡಗುಗಳಲ್ಲಿ ಎಣ್ಣೆ ಬಂತು, ಚಿಮಣಿ ಎದ್ದಿತು, ದೂರದ ಪೇಟೆಗಳಿಗೆ ಬೆಳಕಾಯಿತು. ಇವರ ಕೇರಿಗೆ ತಂತಿ ಬಂದದ್ದು ಎಲ್ಲರಿಗಿಂತ ಕೊನೆಗೆ. ಎಣ್ಣೆಯ ಬೆಲೆ ಗಗನಕ್ಕೇರಿದ ಮೇಲೆ ಉರಿಸುವುದೇ ನಷ್ಟವೆಂದು ಒಲೆ ಆರಿಸಿದರು. ಈಗ ದಂಡೆ, ವಿಹಾರದೋಣಿ ನಿಲ್ಲಿಸುವ ಶ್ರೀಮಂತರ ಪಾಲಾಗಿತ್ತು. ಮಂತ್ರಿಯಿಂದ ಕೆಂಪು ಗುಂಡಿ ಒತ್ತಿಸಿ, ಸಿಡಿಮದ್ದಿನಿಂದ ಚಿಮಣಿ ಕೆಡವುವುದಕ್ಕೇ ಇಂದಿನ ಸಮಾರಂಭ.

"ಅಜ್ಜೀ, ನಿಮ್ ಭಾಷೇಲಿ ಒಂದು ಮಂತ್ರ ಹೇಳ್ಬಿಡಿ. ಚಿಕ್ಕದಾಗಿರ್ಲಿ. ಮಂತ್ರಿಗಳಿಗೆ ಊಟದ ಹೊತ್ತು," ಎಂದ ಪ್ರಿಚರ್ಡ್, ಮೆರೆಯಾನಾಳನ್ನು ಪೆಂಡಾಲಿನ ಮುಂದಕ್ಕೆ ಕರೆದು.

"ಆಗ್ಲಪ್ಪ. ನೀವು ನಮಗೆ ಕೊಟ್ಟಷ್ಟೇ ಚಿಕ್ಕದು ಹೇಳ್ತೀನಿ."

ಪೆಂಡಾಲಿನಲ್ಲಿ ಮಾವೋರಿ ಬಲ್ಲವರು ಒಬ್ಬರೂ ಇರಲಿಲ್ಲ. ಮೆರೆಯಾನಾ ಕಣ್ಮುಚ್ಚಿ ರಾಗವೆತ್ತಿದಳು.

"ಓ ದೊಡ್ಡ ಹೊಟ್ಟೆಯ ದೊರೆಗಳೇ, ನಮ್ ಚಿಪ್ಪಿನ ದಂಡೆ ನುಂಗಿದ್ರಿ, ತೇಗ್ಲಿಲ್ಲ. ನನ್ ಗಂಡನ್ನ ನುಂಗಿದ್ರಿ, ನೀರೂ ಕುಡೀಲಿಲ್ಲ. ಈ ಬೋಳೀಮಗ ಪ್ರಿಚರ್ಡ್ ನನ್ನನ್ನ ಅಜ್ಜಿ ಅಂತಾನೆ. ಇಂಥ ಮೊಮ್ಮಗ ಹುಟ್ಟಿದ್ರೆ ಅವತ್ತೇ ಮೀನಿಗೆ ಹಾಕ್ತಿದ್ದೆ..."

ತನ್ನ ಹೆಸರು ಕೇಳಿ ಪ್ರಿಚರ್ಡ್ ಎದೆಯುಬ್ಬಿಸಿದ. ಮಂತ್ರಿ ಟೋಪಿ ತೆಗೆದು ತಲೆಬಾಗಿದ. ಅವನ ಹೆಂಡತಿ ಕಣ್ಣೊರೆಸಿಕೊಂಡಳು. ಬೇಲಿಯ ಬಳಿ ಕೂಲಿಗಳು ನಗು ತಡೆಯಲು ತೋಳು ಕಚ್ಚಿಕೊಂಡು ಕುಲುಕಾಡಿದರು.

"ಈಗ ಕೇಳ್ರೋ ಮಕ್ಕಳಾ," ರಾಗ ಕೆಡಲಿಲ್ಲ, "ನಾನು ಆಮೆನ್ ಅಂದ ಕೂಡ್ಲೇ ಬೇಲಿ ಹಾರಿ ಚಿಮಣಿ ಬುಡಕ್ಕೆ ಓಡಿ. ನನಗೆ ಮಂಡಿನೋವು, ನಿಧಾನಕ್ಕೆ ಬರ್ತೀನಿ. ಆಮೆನ್."

"ಆಮೆನ್!" ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವನು ಪ್ರಿಚರ್ಡ್.

ಕೂಲಿಗಳು ಬೇಲಿ ಹಾರಿದರು. ಪ್ರಿಚರ್ಡ್‌ಗೆ ಅರ್ಥವಾಗುವಷ್ಟರಲ್ಲಿ ಅವರೆಲ್ಲ ಚಿಮಣಿಗೆ ಬೆನ್ನುಕೊಟ್ಟು ಕೂತಾಗಿತ್ತು. ಮೆರೆಯಾನಾ ಕುಂಟುತ್ತ ಅವನೆದುರೇ ಹಾದುಹೋದಳು.

"ಎಲ್ಲಿಗೇ ಮುದುಕಿ? ಅಲ್ಲಿ ಮದ್ದಿಟ್ಟಿದೆ, ಸಾಯ್ತೀಯಾ!"

"ಮನೇಗೆ ಕಣೋ," ಎಂದಳು ತಿರುಗದೆ.

ಮಗನ ಪಕ್ಕ ಕೂತು ಕಾಲು ನೀಡಿದಳು. ಪೆಂಡಾಲಿನಲ್ಲಿ ಮಂತ್ರಿ ಕೆಂಪು ಗುಂಡಿಯ ಮೇಲಿಟ್ಟಿದ್ದ ಹೆಬ್ಬೆರಳನ್ನು ಮೆಲ್ಲಗೆ ಎತ್ತಿ ಜೇಬಿಗೆ ಸೇರಿಸಿದ.