ಒಂದು ಟೊಮೆಟೊ ಕಚ್ಚಿದ್ದಕ್ಕೆ

ಪೋಲೆಂಡಿನ ಆ ತೋಟದಲ್ಲಿ ಮಣ್ಣೇ ಇರಲಿಲ್ಲ. ಮುಳಬಾಗಿಲಿನ ಸಂತೆ ಮೈದಾನವನ್ನೇ ನುಂಗುವಷ್ಟು ದೊಡ್ಡ ಗಾಜಿನ ಮನೆ. ಒಳಗೆ ತೂಗುಬಿಟ್ಟ ಬಿಳಿ ತೊಟ್ಟಿಗಳು, ಅವುಗಳಿಂದ ಎದ್ದು ದಾರ ಹಿಡಿದು ಸೂರು ಮುಟ್ಟಿದ ಟೊಮೆಟೊ ಬಳ್ಳಿಗಳು. ಹೊರಗೆ ಹಿಮ, ಒಳಗೆ ಬೆವರು. ಬಾಗಿಲಲ್ಲೇ ಬೂಟನ್ನು ಔಷಧಿ ನೀರಿಗೆ ಅದ್ದಬೇಕು, ಕೈಗೆ ಗ್ಲೌಸು, ತಲೆಗೆ ಟೋಪಿ.

"ಏನಣ್ಣಾ, ತೋಟಕ್ಕೆ ಹೋಗ್ತಿದ್ದೀವೋ ಆಪರೇಷನ್ನಿಗೋ?" ಎಂದ ಮುಳಬಾಗಿಲಿನಿಂದ ಕೂಲಿಗೆ ಬಂದಿದ್ದ ಕದಿರೇಶ.

"ಮುಚ್ಕೊಂಡ್ ಹಾಕ್ಕೋರಾ ತಮ್ಮುಡೂ," ಎಂದು ಮೇಸ್ತ್ರಿ ಮುರಳಿಮೋಹನ್ ನಕ್ಕ.

ಮುರಳಿ ಗಡಿಯಾಚೆ ಆಂಧ್ರದ ಮದನಪಲ್ಲಿಯವನು. ಅವನು ತೆಲುಗು ಬೆರೆಸಿ ಆಡಿದರೆ ಇವನು ಕನ್ನಡದಲ್ಲಿ ಉತ್ತರಿಸುತ್ತಿದ್ದ. ಗಡಿಯ ಜನಕ್ಕೆ ಅದೇನು ಹೊಸದಲ್ಲ. ಊರಿಂದ ಬಸ್ಸು ಹತ್ತಿದರೆ ಸಿಗುವ ಮನುಷ್ಯ ಇಲ್ಲಿ ಸಿಕ್ಕಿದನಲ್ಲ ಎಂದು ಕದಿರೇಶನಿಗೆ ಹೋದ ಜೀವ ಬಂದಿತ್ತು.

ತಕರಾರಿಲ್ಲದೆ ಚಳಿಗಾಲ ಕಳೆದರೆ ಕೆಲಸ ಕಾಯಂ. ಆಮೇಲೆ ಹೆಂಡತಿ ಗಂಗಾಳನ್ನು ಕರೆಸಿಕೊಳ್ಳಬಹುದು. ಮದುವೆಯಾದಾಗಿನಿಂದ ಅವರ ಸಂಸಾರ ಅವಳಣ್ಣ ಭೀಮರಾಜನ ತೋಟದ ಶೆಡ್ಡಿನಲ್ಲಿ, ಬಾಗಿಲಿನ ಜಾಗದಲ್ಲಿ ಗೋಣಿಚೀಲ. "ಬಾಗ್ಲಿರೋ ಒಂದು ರೂಮ್ ಸಾಕು ಕಣ್ರೀ," ಎನ್ನುತ್ತಿದ್ದಳು ಫೋನಿನಲ್ಲಿ.

ಅದಕ್ಕಾಗಿ ಅವನು ಎಲ್ಲವನ್ನೂ ನುಂಗಿಕೊಂಡ. ಪಕ್ಕದ ಸಾಲಿನವರು ಕಿವಿಗೆ ವೈರು ಸಿಕ್ಕಿಸಿಕೊಂಡು ದಿನವಿಡೀ ಮೂಗರಂತೆ ದುಡಿಯುತ್ತಿದ್ದರು. ಬಸ್ಸಿನಲ್ಲಿ ನಕ್ಕರೆ ಮುಖ ತಿರುಗಿಸುತ್ತಿದ್ದರು. ಒಮ್ಮೆ ಒಬ್ಬಾಕೆಯನ್ನು ಕೈಸನ್ನೆಯಲ್ಲಿ "ಊಟ ಆಯ್ತಾ?" ಎಂದು ಕೇಳಿದ. ಪಾಪ ಹಸಿದಿದ್ದಾನೆ ಎಂದುಕೊಂಡು ಅವಳು ತನ್ನ ಬ್ರೆಡ್ಡನ್ನೇ ಮುರಿದು ಕೊಟ್ಟಳು. ಕದಿರೇಶನಿಗೆ ಭಿಕ್ಷೆ ಎತ್ತಿದಂತಾಯಿತು. ಆಮೇಲೆ ಯಾರನ್ನೂ ಏನೂ ಕೇಳಲಿಲ್ಲ.

ಟೊಮೆಟೊ ಎಲೆಯ ಘಾಟು ಮಾತ್ರ ಊರಿನದೇ.

ಒಂದು ಮಧ್ಯಾಹ್ನ ಗೊಂಚಲು ಕತ್ತರಿಸುವಾಗ ಒಂದು ಹಣ್ಣು ಕಳಚಿ ಅಂಗೈಗೆ ಬಿತ್ತು. ಅಂಗಿಗೆ ಒರೆಸಿದ, ಕಚ್ಚಿದ. ಯೋಚಿಸಿ ಮಾಡಿದ ಕೆಲಸವೇ ಅಲ್ಲ. ಮುಳಬಾಗಿಲು ಕಡೆ ದಾರಿಹೋಕ ಒಂದು ಟೊಮೆಟೊ ಕಿತ್ತು ತಿಂದರೆ ತೋಟದವನು "ಉಪ್ಪು ಬೇಕೇನಪ್ಪಾ?" ಎನ್ನುತ್ತಾನೆ. ರೇಟು ಬಿದ್ದಾಗ ಲೋಡುಗಟ್ಟಲೆ ರಸ್ತೆ ಪಕ್ಕ ಸುರಿಯುತ್ತಾರೆ, ದನವೂ ಮೂಸುವುದಿಲ್ಲ.

ಸಂಜೆ ಆಫೀಸಿಗೆ ಕರೆ ಬಂತು. ಮ್ಯಾನೇಜರಮ್ಮನ ಕ್ಯಾಮೆರಾ ಪರದೆಯ ಮೇಲೆ ಕದಿರೇಶ ಟೊಮೆಟೊಗೆ ಬಾಯಿ ತೆರೆದು ನಿಂತಿದ್ದ. ಎಂಜಲು ಕೈಯಿಂದ ಬಳ್ಳಿಗೆ ರೋಗ ತಗುಲುತ್ತದಂತೆ. ಮೇಲಾಗಿ ಕಳ್ಳತನವಂತೆ.

"ಹೇಳಣ್ಣಾ, ನಮ್ ಕಡೆ ಹಿಂಗೇ ತಿಂತೀವಿ, ಇದು ಕಳ್ಳತನ ಅಲ್ಲ ಅಂತ. ನಿಮ್ಮೂರಲ್ಲೂ ಅಷ್ಟೇ ತಾನೆ?" ಎಂದು ಕದಿರೇಶ, ಮಾತು ತಿಳಿಸಲು ಪಕ್ಕದಲ್ಲಿ ನಿಂತಿದ್ದ ಮುರಳಿಯನ್ನು ಕೇಳಿಕೊಂಡ.

ಮುರಳಿ ಅವರ ಭಾಷೆಯಲ್ಲಿ ಚುಟುಕಾಗಿ ಏನೋ ಹೇಳಿದ. ಆಕೆ ತಲೆಯಾಡಿಸಿ, ಕದಿರೇಶನನ್ನು ಯಾರೋ ಗುರುತಿಲ್ಲದವನಂತೆ ಒಮ್ಮೆ ನೋಡಿ, ಕೆಲಸದಿಂದ ತೆಗೆಯುವ ಕಾಗದಕ್ಕೆ ಸಹಿ ಹಾಕಿದಳು.

"ಏನಂದೆ?"

"ತಪ್ಪಾಯ್ತಂತೆ ಅಂದೆ."

"ನಾನ್ ಹಂಗ್ ಹೇಳೇ ಇಲ್ವಲ್ಲ!"

"ಲೇ, ನಮ್ ಕಡೆಯೋರೆಲ್ಲಾ ಹಿಂಗೇ ಅಂದ್ರೆ ನಾಳೆ ನನ್ನೂ ಕ್ಯಾಮೆರಾದಲ್ಲಿ ಹುಡುಕ್ತಾರೆ ಕಣೋ. ನನ್ ಮಕ್ಳು ಇಲ್ಲೇ ಸ್ಕೂಲಿಗೆ ಹೋಗ್ತಾವೆ."

"ಹಂಗಾದ್ರೆ ನೀನೂ ತಿಂದಿದ್ದೀಯ."

ಮುರಳಿ ಅವನಿಗೆ ಹೊರಗಿನ ಬಾಗಿಲು ತೆರೆದು ಹಿಡಿದ. ಕೆಲಸ ಹೋಯಿತು, ಅದರ ಜೊತೆಗೇ ವೀಸಾ.

ಕದಿರೇಶ ಮತ್ತೆ ಭೀಮರಾಜನ ತೋಟಕ್ಕೇ ಬಂದು ಬಿದ್ದ. ಒಂದು ಬೆಳಿಗ್ಗೆ ಗಂಡ ಹೆಂಡತಿ ಹಣ್ಣು ಬಿಡಿಸುತ್ತಿದ್ದಾಗ ಬದುವಿನ ಮೇಲೆ ಹೋಗುತ್ತಿದ್ದ ಯಾರೋ ಬಗ್ಗಿ ಒಂದು ಟೊಮೆಟೊ ಕಿತ್ತದ್ದು ಕಂಡಿತು.

"ಏಯ್! ಯಾರ್ನ ಕೇಳಿ ಕಿತ್ತೆ?"

ಗಂಟಲು ಹರಿಯುವಂತೆ ಕೂಗಿದ್ದು ತಾನೇ ಎಂದು ಕದಿರೇಶನಿಗೆ ಆಮೇಲೆ ಗೊತ್ತಾಯಿತು.

"ನಾನ್ ಕಣಪ್ಪಾ, ಕೋದಂಡರಾಮಪ್ಪ," ಎಂದ ಪಕ್ಕದ ಹೊಲದ ಮುದುಕ. ಬಾಯಲ್ಲಿದ್ದುದನ್ನು ನುಂಗಲೋ ಉಗಿಯಲೋ ತಿಳಿಯದೆ ನಿಂತ. ಕಚ್ಚಿದ ಹಣ್ಣನ್ನು ಮೆಲ್ಲಗೆ ಬದುವಿನ ಮೇಲಿಟ್ಟು ಹೊರಟುಹೋದ.

ಗಂಗಾ ಸೆರಗಿಗೆ ಒಂದಷ್ಟು ಹಣ್ಣು ತುಂಬಿಕೊಂಡು, "ತಾತಾ, ನಿಂತ್ಕೋ ತಾತಾ!" ಎಂದು ಹಿಂದೆ ಓಡಿದಳು. ಅವನು ತಿರುಗಲಿಲ್ಲ. ಅವಳು ಸೆರಗು ಹಾಗೇ ಹಿಡಿದುಕೊಂಡು ವಾಪಸು ಬಂದಳು. ಆಫೀಸಿನಲ್ಲಿ ಮ್ಯಾನೇಜರಮ್ಮ ನೋಡಿದ್ದಳಲ್ಲ, ಹಾಗೇ ಗಂಡನನ್ನು ನೋಡಿದಳು.

"ಯಾರ್ರೀ ನೀವು?" ಎಂದಳು.

ಅವನು ಬಾಯಿ ತೆರೆಯುವಷ್ಟರಲ್ಲಿ ಗೋಣಿಚೀಲ ಸರಿಸಿ ಶೆಡ್ಡಿನೊಳಕ್ಕೆ ಹೋಗಿಬಿಟ್ಟಳು.