ಗುಡ್ಡ ಹತ್ತಿದ ಪಿಕಪ್

ಹಳೆಯ ಪಿಕಪ್ ಮಾರಲು ನಿಲ್ಲಿಸಿದ್ದ ಶಿವಶಂಕರ ಬಾನೆಟ್ ಎತ್ತುವ ಮೊದಲೇ ಉಜ್ಜಿನಮ್ಮ ಅದರ ಮೇಲೆ ಅಂಗೈ ಇಟ್ಟು ನೋಡಿದಳು. ಬೆಚ್ಚಗಿತ್ತು.

"ನಾವು ಬರಾಕಿಂತ ಮುಂಚೇನ ಚಾಲೂ ಮಾಡಿಟ್ಟೀರಿ."

"ಬಿಸಲಿಗೆ ಕಾದೈತ್ರಿ ಅಮ್ಮ."

ಗಾಡಿ ನಿಂತಿದ್ದುದು ಬೇವಿನ ನೆರಳಿನಲ್ಲಿ. ಉಜ್ಜಿನಮ್ಮ ಕಟ್ಟೆಯ ಮೇಲೆ ಕೂತು ಸೆರಗಿನಿಂದ ಗಾಳಿ ಹಾಕಿಕೊಂಡಳು. "ಆರಲಿ. ಅಲ್ಲೀತನ ಕುಂದ್ರತೀವಿ."

ರಾಯದುರ್ಗಕ್ಕೆ ಅವಳನ್ನು ಕರೆತಂದವನು ಮೈದುನನ ಮಗ ಗಿರೀಶ್. ಭೈರವಾನಿತಿಪ್ಪದ ಕಡೆ ಅವಳ ಹೊಲದ ಹಿಂದೆ ಒಂದು ಗುಡ್ಡ, ಗುಡ್ಡದ ಬುಡದಲ್ಲಿ ಮರಳಿನ ಕೊರಕಲು. ಇಟ್ಟಿಗೆ ಭಟ್ಟಿಯವರಿಗೆಂದು ಕಡಿಸಿದ್ದ ಜಾಲಿ ಕಟ್ಟಿಗೆ ಅಲ್ಲೇ ಬಿದ್ದು ಗೆದ್ದಲು ಹಿಡಿಯತೊಡಗಿತ್ತು. ಟ್ರ್ಯಾಕ್ಟರ್ ಇಳಿದರೆ ಮರಳಿನಲ್ಲಿ ಹೂತುಹೋಗುತ್ತಿತ್ತು. ನಾಲ್ಕೂ ಗಾಲಿ ಎಳೆಯುವ ಗಾಡಿಯೇ ಬೇಕು ಎಂದವನು ಗಿರೀಶ್. ಓಡಿಸುವವನೂ ಅವನೇ.

ಗಾಡಿ ಬೇಕೆಂಬುದು ಅವಳಿಗೂ ಗೊತ್ತಿತ್ತು. ಅವಳ ಅಂಜಿಕೆ ಬೇರೆ. ಗುಡ್ಡದ ನೆತ್ತಿಯಲ್ಲಿ ಮಾವನ ಕಾಲದ ಕಮರದ ಮರಗಳಿದ್ದವು. ಬೇಸಿಗೆಯಲ್ಲಿ ಅವುಗಳ ಸೊಪ್ಪೇ ಆಡುಗಳ ಜೀವ. ಗಟ್ಟಿ ಮರವೆಂದು ಭಟ್ಟಿಯವರು ಕೇಳಿ ಕೇಳಿ ಹೋಗಿದ್ದರು. ಅಲ್ಲಿಗೆ ಯಾವ ಬಂಡಿಯೂ ಹತ್ತದ ಕಾರಣಕ್ಕೇ ಅವು ಉಳಿದಿದ್ದವು. ಬಸ್ಸಿನಲ್ಲಿ ಬರುವಾಗ ಗಿರೀಶನಿಗೆ, "ಗಾಡಿ ಕೊರಕಲಿಗೆ ಅಷ್ಟ ನೋಡು," ಎಂದಿದ್ದಳು. ಅವನು ಕಿಟಕಿಯಾಚೆ ನೋಡುತ್ತ ಹೂಂಗುಟ್ಟಿದ್ದ.

ಆರಿದ ಮೇಲೂ ಗಾಡಿ ಒಂದೇ ಸಲಕ್ಕೆ ಚಾಲೂ ಆಯಿತು. ಉಜ್ಜಿನಮ್ಮನಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. "ಹಲ್ಲು ನೋಡಿ ಎತ್ತು ತರಬಾರದ್ರಿ, ಹೂಡಿ ನೋಡಬೇಕು. ನಮ್ಮ ಕೊರಕಲಿಗೇ ತರ್ರಿ, ಕಟ್ಟಿಗಿ ಹೇರನ."

"ಆತ್ರಿ," ಎಂದ ಶಿವಶಂಕರ.

ಅಷ್ಟು ಸಲೀಸಾಗಿ ಒಪ್ಪಿದ್ದು ಅವಳಿಗೆ ಹಿಡಿಸಲಿಲ್ಲ. ಒಳ್ಳೆಯ ಎತ್ತು ಮಾರುವವನು ಸ್ವಲ್ಪವಾದರೂ ಮುನಿಸಿಕೊಳ್ಳುತ್ತಾನೆ.

ಕೊರಕಲಿನಲ್ಲಿ ಬಾಡಿ ತುಂಬ ಜಾಲಿ ಹೇರಿದರು. ಶಿವಶಂಕರ ನಾಲ್ಕೂ ಗಾಲಿಗೆ ಬಲ ಕೊಡುವ ಸಣ್ಣ ಗೇರನ್ನು ಎಳೆದ. ಹಿಂದಿನ ಗಾಲಿ ಮರಳು ತೋಡುವಷ್ಟರಲ್ಲಿ ಮುಂದಿನವು ಕಚ್ಚಿ ಹಿಡಿದವು. ಗಾಡಿ ಮೇಲೆ ಬಂತು. ಉಜ್ಜಿನಮ್ಮ ಬಗ್ಗಿ ಅಡಿಯೆಲ್ಲ ನೋಡಿದಳು. ಎಣ್ಣೆಯ ಒಂದು ಹನಿಯೂ ಸೋರಿರಲಿಲ್ಲ.

"ಇನ್ನೇನ್ ನೋಡ್ತೀ ದೊಡ್ಡವ್ವ? ನಾಲಿಗಿ ತೆಗೀ ಅಂತೀಯೇನು ಅದಕ್ಕ?" ಎಂದು ನಕ್ಕ ಗಿರೀಶ್. "ಗುಡ್ಡಕ್ಕೊಮ್ಮೆ ಹತ್ತಿಸನ. ಎಂಜಿನ್ ದಮ್ಮು ಗೊತ್ತಾಗ್ತೈತಿ."

"ಗುಡ್ಡದಾಗ ನಂದೇನ್ ಕಟ್ಟಿಗಿ ಐತಿ?"

ಅವನು ಆಗಲೇ ಶಿವಶಂಕರನನ್ನು ಸರಿಸಿ ಸ್ಟೇರಿಂಗ್ ಹಿಡಿದಿದ್ದ. ಉಜ್ಜಿನಮ್ಮ ತಡೆಯಲಿಲ್ಲ. ಹತ್ತಿ ಶಿವಶಂಕರನ ಪಕ್ಕದಲ್ಲಿ ಕೂತಳು.

ಗಿರೀಶ್ ದಾರಿ ಹುಡುಕಲಿಲ್ಲ. ಬಂಡೆಯ ಎಡಕ್ಕೆ ತಿರುಗಿಸಿದ, ಪೊದೆಯ ಹಿಂದೆ ಸೀದಾ ಏರಿಸಿದ. ಅಲ್ಲಿ ಕಲ್ಲುಗಳನ್ನು ಪಕ್ಕಕ್ಕೆ ಉರುಳಿಸಿಟ್ಟಿದ್ದರು. ಕಡಿದ ಮುಳ್ಳುಗಿಡಗಳ ಮೋಟು ಇನ್ನೂ ಹಸಿಯಾಗಿತ್ತು.

"ಇಲ್ಲಿ ಕಡಿದೋರು ಯಾರೋ?"

"ಆಡು ಕಾಯೋರು ಇರಬೇಕು."

"ಆಡು ಹತ್ತಾಕ ಇಷ್ಟಗಲ ದಾರಿ ಬೇಕೇನೋ?"

ಗಿರೀಶ್ ಗೇರು ಬದಲಿಸಿದ. ಬದಲಿಸುವ ಅಗತ್ಯವಿರಲಿಲ್ಲ. ಹೇರು ಹೊತ್ತ ಗಾಡಿ ಒಮ್ಮೆಯೂ ಉಸಿರು ಕಟ್ಟದೆ ನೆತ್ತಿಗೆ ಬಂದು ಕಮರದ ನೆರಳಿನಲ್ಲಿ ನಿಂತಿತು.

ಉಜ್ಜಿನಮ್ಮ ಇಳಿದು ಗಾಡಿಯ ಸುತ್ತ ಒಂದು ಸುತ್ತು ಬಂದಳು.

"ಗಾಡಿಗೆ ಏನೂ ಐಬಿಲ್ರಿ," ಎಂದಳು ಶಿವಶಂಕರನಿಗೆ. "ಆದ್ರ ನಾನು ಒಲ್ಲೆ."

"ಯಾಕ್ರಿ ಅಮ್ಮ? ಎಲ್ಲಾನೂ ನೋಡಿದ್ರೆಲ್ಲ."

"ಐಬು ನಮ್ಮ ಕಡಿ ಐತ್ರಿ."

ಅವಳು ಗಿರೀಶನತ್ತ ತಿರುಗಿದಳು. ಅವನು ಕೀಲಿಯನ್ನು ಗಾಡಿಯಲ್ಲೇ ಬಿಟ್ಟು ಇಳಿದ. ಬಂದ ದಾರಿಯಲ್ಲೇ ನಡೆದು ಹೋದ.

ಶಿವಶಂಕರ ಇಳಿದು ಹೋಗುತ್ತಿದ್ದವನನ್ನು ನೋಡಿದ. ಮರಗಳನ್ನೂ ನೋಡಿದ. "ಕೆಳಗಿರೋ ಕಟ್ಟಿಗೀನ ಹೆಂಗ ತರ್ತೀರಿ ಮತ್ತ?"

"ತಲಿ ಮ್ಯಾಲೆ. ಎಷ್ಟು ಬರ್ತೈತೋ ಅಷ್ಟು. ಉಳಿದದ್ದು ಗೆದ್ದಲಿಗೆ."

"ಹೇರಿದ್ದನ್ನಾರ ರಸ್ತೀಗೆ ಮುಟ್ಟಿಸ್ತೀನಿ, ಹತ್ರಿ."

"ಸುಮ್ಮನ ಯಾಕ ಮುಟ್ಟಿಸ್ತೀರಿ?"

"ಇಳಿಸಾಕ ಬ್ಯಾಸರ್ರಿ ನನಗ."

ಆ ಮಾತನ್ನೂ ಅವಳು ಪೂರ್ತಿ ನಂಬಲಿಲ್ಲ. ಮುಂದಿನ ಸೀಟು ಬಿಟ್ಟು, ಹಿಂದಿನ ಗಾಲಿಯ ಮೇಲೆ ಕಾಲಿಟ್ಟು ಹತ್ತಿ, ರಸ್ತೆ ಬರುವ ತನಕ ಕಟ್ಟಿಗೆಯ ಮೇಲೆಯೇ ಕೂತಳು.